ಮಜ್ಜಿಗೆ ಬಂದ ಮೇಲೂ ಏಳದ ಪಂಕ್ತಿ

ಊಟದ ಪಂಕ್ತಿಯಲ್ಲಿ ಕುಳಿತು ಕೈ ಒಣಗುವ ಅನುಭವ ನಿಮಗೆ ಆಗಿದೆಯೋ ಇಲ್ಲವೋ ನನಗೆ ತಿಳಿಯದು. ಮಜ್ಜಿಗೆಯನ್ನದ ಕೊನೆಯ ತುತ್ತು ಮುಗಿದು, ಎಲೆ ಬರಿದಾಗಿ, ಏಳುವಂತಿಲ್ಲದೆ ಕುಳಿತಿರುವಾಗ ಮೊದಲು ಬೆರಳ ತುದಿ ಬಿಗಿಯುತ್ತದೆ, ಆಮೇಲೆ ಅಂಗೈ ಗಂಜಿ ಹಾಕಿದ ಪಂಚೆಯಂತೆ ಗರಿಗರಿಯಾಗುತ್ತದೆ, ಕೊನೆಗೆ ಕಿರುಬೆರಳಿಗೆ ಅಂಟಿದ ಒಂದು ಅಗುಳು ಈ ಜನ್ಮದಲ್ಲಿ ನಿನ್ನನ್ನು ಬಿಡುವುದಿಲ್ಲವೆಂದು ಹಟ ಹಿಡಿಯುತ್ತದೆ. ಇಂಥ ಹೊತ್ತಿನಲ್ಲಿ ಕೆಲವರಿಗೆ ವೈರಾಗ್ಯ ಬರುತ್ತದೆ, ಕೆಲವರಿಗೆ ನಿದ್ದೆ ಬರುತ್ತದೆ. ನನಗೆ ಸಂಶೋಧನೆಯ ಹುಚ್ಚು ಬಂತು.

ನನ್ನ ಉದ್ಯೋಗವನ್ನು ಹೇಳದೆ ಮುಂದಿನ ಕತೆ ಅರ್ಥವಾಗದು. ಹೇಳಿದರೆ ಅರ್ಥವಾದೀತೆಂಬ ಭರವಸೆ, ನನ್ನ ನೆಂಟರಿಷ್ಟರನ್ನು ಕಂಡ ಮೇಲೆ, ಅಷ್ಟಾಗಿ ಉಳಿದಿಲ್ಲ. ಕುಂದಾಪುರದ ಹತ್ತಿರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿ, ಮಿಕ್ಕ ಹೊತ್ತಿನಲ್ಲಿ ಸಂಶೋಧನೆಯ ಹೆಸರಿನಲ್ಲಿ ಪರದೆಯನ್ನು ದಿಟ್ಟಿಸುವವನು ನಾನು. ಒಂದೇ ಕಂಪ್ಯೂಟರಿನ ಕೈಲಾಗದ ದೊಡ್ಡ ಕೆಲಸವನ್ನು ಹಲವಾರು ಕಂಪ್ಯೂಟರುಗಳಿಗೆ ಹಂಚಿ, ಮೇಲೊಬ್ಬ ಯಜಮಾನನಿಲ್ಲದೆಯೂ ಅವು ತಮ್ಮತಮ್ಮೊಳಗೆ ಸುದ್ದಿ ಕಳಿಸಿಕೊಂಡು ಅದನ್ನು ಮುಗಿಸುವಂತೆ ಮಾಡುವುದು ನನ್ನ ಆಸಕ್ತಿಯ ಮೊದಲರ್ಧ. ಅದನ್ನು ಪುಸ್ತಕದ ಭಾಷೆಯಲ್ಲಿ ವಿತರಿತ ಗಣನೆ ಎನ್ನುತ್ತಾರೆ. ಅವುಗಳಲ್ಲಿ ಯಾವುದು ಬದುಕಿದೆ, ಯಾವುದು ಸುಸ್ತಾಗಿದೆ, ಯಾವುದು ಬದುಕಿದ್ದೂ ಸತ್ತಂತೆ ಬಿದ್ದುಕೊಂಡಿದೆ ಎಂದು ಕಣ್ಣಿಟ್ಟಿರುವುದು ಉಳಿದರ್ಧ. ಅದು ನೆಟ್‌ವರ್ಕ್ ಮಾನಿಟರಿಂಗ್. ಈ ಪದ ಕೇಳಿದ್ದೇ ತಡ, ನಮ್ಮ ಕಡೆಯವರು ಕಿಸೆಯಿಂದ ಮೊಬೈಲು ತೆಗೆದು, ತ್ರಾಸಿ ಊರು ದಾಟಿದರೆ ಸಿಗ್ನಲ್ ಸಿಗುವುದಿಲ್ಲ, ಏನಾದರೂ ಮಾಡು ಎನ್ನುತ್ತಾರೆ.

ನಮ್ಮ ಕುಟುಂಬಕ್ಕೆಲ್ಲ ಹಿರಿಯರಾದ ದೊಡ್ಡಪ್ಪಯ್ಯ ಮಾತ್ರ ಒಮ್ಮೆ ಜಗಲಿಯಲ್ಲಿ ಕೂರಿಸಿಕೊಂಡು ಪೂರ್ತಿ ಕೇಳಿಸಿಕೊಂಡರು. ಕೇಳಿ, ವೀಳ್ಯದೆಲೆಗೆ ಸುಣ್ಣ ಸವರುತ್ತ ತೀರ್ಪು ಕೊಟ್ಟರು: "ಹಾಂಗಾರೆ ಮೇಸ್ತ್ರಿ ಕೆಲ್ಸ ಅನ್. ತಾನ್ ಕಲ್ಲ್ ಹೊರುದಿಲ್ಲೆ, ಹೊರುವವ್ರನ್ನ್ ಕಾಂತಾ ಇಪ್ಪುದ್." ನನ್ನ ಪಿಎಚ್‌ಡಿ ಪ್ರಬಂಧದ ಸಾರಾಂಶವನ್ನು ಹೊರುವವರನ್ನು ನೋಡುತ್ತ ಇರುವುದು ಎಂದು ಇಷ್ಟು ಚಿಕ್ಕದಾಗಿ ನಾನೂ ಬರೆದಿರಲಿಲ್ಲ.

ಸರ್, ನಿಮಗೆ ಈ ವಿಷಯದಲ್ಲಿ ಆಸಕ್ತಿ ಹೇಗೆ ಬಂತು ಎಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನಾನು ಏನೋ ದೊಡ್ಡದಾಗಿ ಹೇಳಿ ಪಾರಾಗುತ್ತೇನೆ. ನಿಜ ಹೇಳುವುದಾದರೆ ಅದು ಬಂದದ್ದು ಕೋಟದ ಕಡೆಯ ಊಟದ ಪಂಕ್ತಿಗಳಿಂದ. ಯೋಚಿಸಿ ನೋಡಿ: ಎದುರುಬದುರಾಗಿ ಎರಡು ಸಾಲು ಜನ, ನಡುವೆ ಓಡಾಡುವ ಬಡಿಸುವವರು, ಸಾರಿನವನಿಗೆ ಪಲ್ಯದವನ ಸುದ್ದಿ ಗೊತ್ತಿಲ್ಲ, ಪಲ್ಯದವನಿಗೆ ಪಾಯಸ ಎಲ್ಲಿಗೆ ಮುಟ್ಟಿತೆಂದು ಗೊತ್ತಿಲ್ಲ, ಆದರೂ ಎಲ್ಲರ ಎಲೆಗೂ ಎಲ್ಲವೂ ಸರಿಯಾದ ಸರತಿಯಲ್ಲಿ ಬಂದು ಬೀಳುತ್ತದೆ. ಹಿರಿಯರು ಆಪೋಶನ ತೆಗೆದುಕೊಂಡ ಮೇಲೆಯೇ ಮೊದಲ ತುತ್ತು. ಕೊನೆಯಲ್ಲಿ ಅವರು ಉತ್ತರಾಪೋಶನದ ನೀರು ಕುಡಿದು ಎದ್ದರೆ ಮಾತ್ರ ಉಳಿದವರು ಏಳಬಹುದು. ಅದಕ್ಕೆ ಮೊದಲೇ ಒಬ್ಬ ಎದ್ದನೋ, ಇಡೀ ಪಂಕ್ತಿಯ ಊಟ ಅಲ್ಲಿಗೆ ಮುಗಿದಂತೆ, ಮಿಕ್ಕವರು ಮುಂದಿನ ತುತ್ತು ಮುಟ್ಟುವಂತಿಲ್ಲ. ಹಿಂದೆ ಯಾವುದೋ ಜಗಳದಲ್ಲಿ ಹೀಗೆ ಎದ್ದುಹೋದ ನಮ್ಮ ದೂರದ ನೆಂಟರೊಬ್ಬರ ಮೊಮ್ಮಕ್ಕಳನ್ನು ಇವತ್ತಿಗೂ "ಪಂಕ್ತಿ ಮುರಿದವ್ರ ಮನೆಯವ್ರ್" ಎಂದೇ ಗುರುತಿಸುತ್ತಾರೆ. ಆ ಮೊಮ್ಮಕ್ಕಳು ಪಾಪ ಬಹಳ ನಿಧಾನಸ್ಥರು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಎರಡೂ ಭಾಗಗಳನ್ನು ಬೇಗ ಬೇಗ ಮುಗಿಸಿದವರು ನನ್ನ ಚಿಕ್ಕಪ್ಪ. ಮಗಳನ್ನು ಬೈಂದೂರಿಗೆ ಮದುವೆ ಮಾಡಿಕೊಟ್ಟ ಮರುವರ್ಷವೇ ತೆಕ್ಕಟ್ಟೆಯಲ್ಲಿ ಹೊಸಮನೆ ಎಬ್ಬಿಸಿದರು. ಗೃಹಪ್ರವೇಶದ ದಿನ ಅಂಗಳದ ಚಪ್ಪರದಲ್ಲಿ ಮೊದಲ ಪಂಕ್ತಿ ಕುಳಿತಿತು. ಒಂದು ಸಾಲಿನ ತಲೆಯಲ್ಲಿ ದೊಡ್ಡಪ್ಪಯ್ಯ. ಎದುರು ಸಾಲಿನ ತಲೆಯಲ್ಲಿ ಬೈಂದೂರಿನ ಬೀಗರು, ಎಂದರೆ ಚಿಕ್ಕಪ್ಪನ ಮಗಳ ಮಾವ, ಸಣಕಲು ದೇಹದ ಸಜ್ಜನ. ದೊಡ್ಡಪ್ಪಯ್ಯನ ಸಾಲಿನ ಬಾಲದಲ್ಲಿ, ಅಡುಗೆಮನೆಯ ಹಿಂಬಾಗಿಲಿಗೆ ಎದುರಾಗಿ ನಾನು. ಬಡಿಸುವವರ ಮುಂದಾಳು ಚಿಕ್ಕಪ್ಪನ ಮಗ ರಾಘು, ಅವನ ಕೈಗೆ ಹೋಳಿಗೆಯ ತಟ್ಟೆ ಸಿಕ್ಕರೆ ಅವನನ್ನು ತಡೆಯುವ ಶಕ್ತಿ ದೇವರಿಗೂ ಇಲ್ಲ.

ಊಟವೇನೋ ಸೊಗಸಾಗಿ ಸಾಗಿ ಮಜ್ಜಿಗೆಯವರೆಗೆ ಬಂತು. ನಮ್ಮಲ್ಲಿ ಮಜ್ಜಿಗೆ ಬಂತೆಂದರೆ ಪಂಕ್ತಿ ಎದ್ದಂತೆಯೇ ಲೆಕ್ಕ. ಮುಂದಿನ ಪಂಕ್ತಿಯವರು ಕೈಕಾಲು ತೊಳೆದು ಬರುತ್ತಾರೆ, ಎಲೆ ತೆಗೆಯುವವರು ಸೊಂಟಕ್ಕೆ ಟವೆಲು ಬಿಗಿಯುತ್ತಾರೆ. ಆದರೆ ಅಂದು ಬೀಗರ ಎಲೆ ಖಾಲಿಯಾದದ್ದು ರಾಘುವಿನ ಕಣ್ಣಿಗೆ ಬಿತ್ತು. ಹೊಸ ಬೀಗರ ಎಲೆ ಖಾಲಿ ಕಾಣುವುದೆಂದರೆ ಮನೆಗೇ ಅವಮಾನ. ಅವನು ಓಡಿಹೋಗಿ ಒಂದು ಹೋಳಿಗೆ ಹಾಕಿ ಕಾಯಿಹಾಲು ಸುರಿದ. ಬಡಿಸಿದ್ದನ್ನು ಬಿಡುವುದು ಬೀಗರಿಗೆ ಮರ್ಯಾದೆಯಲ್ಲ, ತಿನ್ನತೊಡಗಿದರು. ಬೀಗರು ತಿನ್ನುತ್ತಿರುವಾಗ ತಾನು ಉತ್ತರಾಪೋಶನ ತೆಗೆದುಕೊಳ್ಳುವುದು ದೊಡ್ಡಪ್ಪಯ್ಯನಿಗೆ ಮರ್ಯಾದೆಯಲ್ಲ. ಒಂದು ಹಿಡಿ ಮಜ್ಜಿಗೆಯನ್ನ ಉಳಿಸಿಕೊಂಡು, ಕಲಸಿದ್ದನ್ನೇ ಕಲಸುತ್ತ, ಸಾವಕಾಶವಾಗಲಿ ಎಂಬಂತೆ ಎದುರಿಗೆ ನಗುತ್ತಿದ್ದರು. ಆ ನಗುವನ್ನೂ ಕಲಸುವ ಕೈಯನ್ನೂ ಕಂಡ ಬೀಗರು, ಹಿರಿಯರ ಊಟವೇ ಇನ್ನೂ ಮುಗಿದಿಲ್ಲ, ತಾನು ಮೊದಲೇ ಕೈ ಕಟ್ಟಿ ಕೂರುವುದು ಚೆನ್ನಲ್ಲವೆಂದು ಹೋಳಿಗೆ ಮುಗಿಸಿದರು. ಎಲೆ ಖಾಲಿಯಾಯಿತು. ರಾಘು ಬಂದ.

"ನಾಚ್ಕಿ ಮಾಡ್ಕಂಬೇಡಿ, ಇನ್ನೊಂದ್ ಹಾಯ್ಕಣಿ."

ಬೀಗರು ಬೇಡವೆಂದರು, ಎರಡೂ ಕೈ ಎಲೆಗೆ ಅಡ್ಡ ಹಿಡಿದರು. ಆದರೆ ನಮ್ಮ ಊರಿನ ಪಂಕ್ತಿಯಲ್ಲಿ ಬೇಡವೆಂದರೆ ಒತ್ತಾಯ ಮಾಡಿ ಎಂದೇ ಅರ್ಥ, ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ಬಡಿಸುವುದೇ ಉಪಚಾರ. ನಾನು ಕಣ್ಣು ಬಿಟ್ಟು ನೋಡಿದೆ. ಪುಸ್ತಕಗಳಲ್ಲಿ ಡೆಡ್‌ಲಾಕ್ ಎಂದು ಬರೆದಿರುವ ಮಹಾಮಾರಿ ನನ್ನೆದುರಿಗೆ ಕಾಯಿಹಾಲು ಸುರಿಸಿಕೊಂಡು ಕುಳಿತಿತ್ತು. ಇವರು ಮುಗಿಸಲೆಂದು ಅವರು, ಅವರು ಮುಗಿಸಲೆಂದು ಇವರು, ನಡುವೆ ಖಾಲಿ ಎಲೆ ಸಹಿಸದ ರಾಘು. ಮೂವರಲ್ಲಿ ಒಬ್ಬರದ್ದೂ ತಪ್ಪಿಲ್ಲ, ಮೂವರೂ ಪರಮ ಸಭ್ಯರು, ಆ ಸಭ್ಯತೆಯ ಮೊತ್ತವಾಗಿ ಚಪ್ಪರದ ತುಂಬ ಜನ ಕೈ ಒಣಗಿಸಿಕೊಂಡು ಕುಳಿತಿದ್ದಾರೆ. ಸುಳ್ಳೇಕೆ ಹೇಳಲಿ, ನನಗೆ ಬಹಳ ಸಂತೋಷವಾಯಿತು. ಮರುದಿನದ ತರಗತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ ಎಂದುಕೊಂಡು, ಇನ್ನೊಂದು ಸುತ್ತು ಆಗಲಿ ಎಂದು ಮನಸ್ಸಿನಲ್ಲೇ ಹಾರೈಸಿದೆ ಕೂಡ.

ಆಗ ನನ್ನ ಹೆಂಡತಿ ಸುಮನ ನೀರಿನ ಜಗ್ಗು ಹಿಡಿದು ಬಂದು, ಲೋಟಕ್ಕೆ ಬಗ್ಗುವ ನೆಪದಲ್ಲಿ ಕಿವಿಯ ಹತ್ತಿರ ಹೇಳಿದಳು: "ನೀವೆಲ್ಲ ಏಳುದ್ ಯಾವಾಗ? ಮಜ್ಜಿಗೆ ಬಂದದ್ದ್ ಕಂಡ್ ಚಿಕ್ಕಿ ಸೂಜಿ ಚುಚ್ಕಂಡಾಯ್ತ್. ಬೆಳಿಗ್ಗೆಂದ ಒಂದ್ ತುತ್ತೂ ಇಲ್ಲೆ."

ಚಿಕ್ಕಿ ಎಂದರೆ ಚಿಕ್ಕಪ್ಪನ ಹೆಂಡತಿ, ಈ ಹೊಸಮನೆಯ ಯಜಮಾನ್ತಿ. ಸಕ್ಕರೆ ಕಾಯಿಲೆಯವಳು, ಇನ್ಸುಲಿನ್ ಚುಚ್ಚಿಕೊಂಡರೆ ಕೂಡಲೇ ಊಟ ಮಾಡಬೇಕು. ಪಂಕ್ತಿ ಏಳುತ್ತದೆ, ತಾನು ಕೂರುತ್ತೇನೆ ಎಂದು ಅವಳು ಮಜ್ಜಿಗೆಯನ್ನು ನಂಬಿದ್ದಳು. ಹಿಂಬಾಗಿಲ ಕಡೆ ನೋಡಿದೆ. ಹೊಸ ಬಾಗಿಲಿನ ದಾರಂದ ಹಿಡಿದು, ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ, ಬಿಳಿಚಿದ ಮುಖದಲ್ಲಿ ಅವಳು ನಗಲು ನೋಡುತ್ತಿದ್ದಳು.

"ಒಂದ್ ಚೂರ್ ಬೆಲ್ಲ ಆದ್ರೂ ಬಾಯಿಗ್ ಹಾಕ್" ಎಂದೆ.

"ಕೊಟ್ಟೆ. ಬೀಗ್ರ್ ಉಣ್ಣುವಾಗ ಯಜಮಾನ್ತಿ ಬಾಯಾಡ್ಸುದಾ ಅಂತ್ರ್."

ನನ್ನ ಸಂತೋಷ ಜರ್ರನೆ ಇಳಿಯಿತು. ನಾಚಿಕೆಯೂ ಆಯಿತು, ಹೆದರಿಕೆ ಅದಕ್ಕಿಂತ ಹೆಚ್ಚಾಯಿತು. ರಾಘುವಿನ ಕಡೆ ಹುಬ್ಬು ಹಾರಿಸಿ, ತಲೆ ಅಲ್ಲಾಡಿಸಿ, ಸಾಕುಮಾಡು ಎಂದು ಕೈಸನ್ನೆ ಮಾಡಿದೆ. ಅವನು ಅಣ್ಣನನ್ನು ಮರೆತೆನಲ್ಲ ಎಂದು ನೊಂದುಕೊಂಡು ಬಂದು ನನ್ನ ಎಲೆಗೊಂದು ಹೋಳಿಗೆ ಎಸೆದುಹೋದ. ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿ, ದೊಡ್ಡಪ್ಪಯ್ಯ ಏಳಲಿ ಎಂಬ ಸುದ್ದಿಯನ್ನು ಸಾಲಿನುದ್ದಕ್ಕೂ ದಾಟಿಸಿದೆ, ಅದು ಒಂದಕ್ಷರ ಕೆಡದೆ ತಲೆಯವರೆಗೆ ಹೋಗಿ, ಅಷ್ಟೇ ಶುದ್ಧವಾದ ಉತ್ತರದೊಂದಿಗೆ ತಿರುಗಿ ಬಂತು: "ಬೀಗ್ರ್ ಉಣ್ತಿದ್ರಲೆ, ನಾ ಏಳುದ್ ಹ್ಯಾಂಗೆ?" ಸುಮನಳನ್ನು ನೀರಿನ ನೆಪದಲ್ಲಿ ಬೀಗರ ಹತ್ತಿರ ಅಟ್ಟಿದೆ. ಅವರು, ಅಳುವವರ ಹಾಗೆ, "ಹಿರೇರ್ ಉಣ್ತಿಪ್ಪತ್ತಿಗೆ ನಾ ಸುಮ್ನೆ ಕೂಕಂಬುದಾ?" ಎಂದರಂತೆ. ಮನೆಯ ಯಜಮಾನ್ತಿಗೆ ಹುಷಾರಿಲ್ಲವೆಂದು ಕೂಗಿ ಹೇಳಿಬಿಡೋಣವೆಂದರೆ, ಚಿಕ್ಕಿ ಬಾಗಿಲಿನಿಂದಲೇ ನನ್ನನ್ನು ದುರುಗುಟ್ಟಿ ನೋಡಿ ತುಟಿಗೆ ಬೆರಳಿಟ್ಟಳು. ಮಗಳ ಮಾವನ ಎದುರು ತನ್ನ ಕಾಯಿಲೆಯ ಡಂಗುರ ಸಾರಿದರೆ ಅವಳು ನನ್ನನ್ನು ಬದುಕಲು ಬಿಡುವವಳಲ್ಲ.

ಡೆಡ್‌ಲಾಕ್‌ಗೆ ಶಾಸ್ತ್ರದಲ್ಲಿ ಹೇಳಿರುವ ಮದ್ದು ಒಂದೇ. ಕಾದು ಕುಳಿತವರಲ್ಲಿ ಯಾರಾದರೊಬ್ಬನನ್ನು ಬಲಿ ಕೊಡಬೇಕು. ಅವನ ಕೆಲಸ ಹಾಳಾದರೂ ಉಳಿದವರ ಗಂಟು ಬಿಚ್ಚುತ್ತದೆ. ಬಲಿಯಾಗಲು ಯಾರು ಯೋಗ್ಯರೆಂದು ಆರಿಸುವುದರ ಮೇಲೆಯೇ ನಾನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದೇನೆ, ಆದರೆ ಆ ಬಲಿಗೆ ಒಂದು ಹೊಟ್ಟೆ, ಒಂದು ಮಾನ, ಒಂದಷ್ಟು ನೆಂಟರು ಇರಬಹುದೆಂದು ಯಾವತ್ತೂ ಹೊಳೆದಿರಲಿಲ್ಲ. ಪಂಕ್ತಿ ಮುರಿದವ್ರ ಮನೆಯವ್ರ್ ಎಂದು ನನ್ನ ಮೊಮ್ಮಕ್ಕಳನ್ನು ಕರೆಯುವುದು ಕಿವಿಯಲ್ಲಿ ಕೇಳಿಸಿತು. ರಾಘು ಮತ್ತೆ ತಟ್ಟೆ ಹಿಡಿದು ಬೀಗರತ್ತ ಹೊರಟಿದ್ದ. ಕಣ್ಣು ಮುಚ್ಚಿಕೊಂಡು ಎದ್ದು ನಿಂತೆ.

ತಟ್ಟೆ ಹಿಡಿದ ರಾಘುವಿನ ಕೈ ಅಲ್ಲೇ ನಿಂತಿತು. ದೊಡ್ಡಪ್ಪಯ್ಯ ಕಲಸುವುದನ್ನು ನಿಲ್ಲಿಸಿ, ಕನ್ನಡಕದ ಮೇಲಿನಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಎಂತಕ್ ಎದ್ದಿ?"

ಅಷ್ಟೆಲ್ಲ ಶಾಸ್ತ್ರ ಓದಿದವನು ಹೊಟ್ಟೆ ಹಿಡಿದುಕೊಂಡೆ. "ಹೊಟ್ಟೆ..." ಎಂದೆ. ಅಷ್ಟು ಸಾಕಾಯಿತು. ಈ ಒಂದು ಪದದ ಮುಂದೆ ನಮ್ಮೂರಿನ ಯಾವ ನಿಯಮವೂ ನಿಲ್ಲುವುದಿಲ್ಲ. ದೊಡ್ಡಪ್ಪಯ್ಯ ಗಡಬಡಿಸಿ ಉತ್ತರಾಪೋಶನ ತೆಗೆದುಕೊಂಡರು, ಬೀಗರು ಎಂಥ ಅನಾಹುತವಾಯಿತೆಂಬ ಮುಖ ಮಾಡಿಕೊಂಡು ಎಲ್ಲರಿಗಿಂತ ಮೊದಲು ಎದ್ದರು, ಎರಡೂ ಸಾಲುಗಳು ನಲ್ಲಿಯ ಕಡೆ ನುಗ್ಗಿದವು. ಕೈ ತೊಳೆಯುವಲ್ಲಿ ಬೀಗರು ನನ್ನ ಪಕ್ಕಕ್ಕೆ ಸರಿದು, ಅತ್ತಿತ್ತ ನೋಡಿ, "ನಿಮ್ ಹೊಟ್ಟಿ ತಣ್ಣಗಿರ್ಲಿ ಮಾರ್ರೆ. ಇನ್ನೊಂದ್ ಹಾಕಿರೆ ನಾ ಬೈಂದೂರ್ ಕಾಂತಿರ್ಲಿಲ್ಲೆ" ಎಂದರು.

ಅಷ್ಟರಲ್ಲಿ ಚಿಕ್ಕಿ ಬಂದಳು. ಬಂದದ್ದು ನನ್ನನ್ನು ನೋಡಲು. ಮಾಣಿಗೆ ಹೊಟ್ಟೆ ಕೆಟ್ಟಿತೆಂದು ಹೆದರಿ, ಒಂದು ಲೋಟ ಸಕ್ಕರೆ ನೀರು ಕದಡಿ ತಂದಿದ್ದಳು. ತಲೆಗೂದಲು ಅರ್ಧ ನರೆತ ನಾನು ಅವಳಿಗಿನ್ನೂ ಮಾಣಿಯೇ, ಚಿಕ್ಕ ಹುಡುಗನೇ.

"ನಂಗ್ ಬೇಡ ಚಿಕ್ಕಿ, ನೀ ಕುಡಿ."

"ಹುಷಾರಿಲ್ಲದ್ದ್ ನಿಂಗೆ. ನೀ ಕುಡಿ ಮೊದ್ಲ್."

ಮತ್ತೆ ಅದೇ ಗಂಟು. ಈ ಸಲ ಶಾಸ್ತ್ರಕ್ಕೆ ಕಾಯದೆ ಲೋಟ ಎತ್ತಿ ಒಂದು ಗುಟುಕು ಬಾಯಿಗೆ ಸುರಿದುಕೊಂಡು, ಉಳಿದದ್ದನ್ನು ಅವಳ ಕೈಯಲ್ಲಿಟ್ಟು, ಕುಡಿದು ಮುಗಿಸುವವರೆಗೆ ಮುಂದೆಯೇ ನಿಂತೆ. ನಿಧಾನಕ್ಕೆ ಮುಖದಲ್ಲಿ ರಕ್ತ ತಿರುಗಿ ಬಂತು. ಆಮೇಲೆ ಅವಳನ್ನು ಎರಡನೆಯ ಪಂಕ್ತಿಯಲ್ಲಿ ಕೂರಿಸಿ, ರಾಘುವಿನ ಕೈಯಿಂದ ಅನ್ನದ ಪಾತ್ರೆ ಕಿತ್ತುಕೊಂಡು ನಾನೇ ಬಡಿಸಿದೆ. ಹೊಟ್ಟೆ ಕೆಟ್ಟವನು ಬಡಿಸುವುದು ಚಂದವೇ ಎಂದು ಹಿಂದಿನಿಂದ ಯಾರೋ ಗೊಣಗಿದರು, ಗೊಣಗಲಿ ಬಿಡಿ.

ಅಂದು ಬೆಳಗಿನಿಂದ ಚಿಕ್ಕಿ ಎದುರು ಸಿಕ್ಕವರನ್ನೆಲ್ಲ ಕೇಳಿದ್ದು ಒಂದೇ ಮಾತು, ಉಂಡ್ಯಾ ಎಂದು. ಪುರೋಹಿತರನ್ನು, ಚಪ್ಪರದವರನ್ನು, ಬೀಗರ ಕಾರಿನ ಡ್ರೈವರನ್ನು, ಯಾರನ್ನೂ ಬಿಟ್ಟಿರಲಿಲ್ಲ. ಯಾರ ಹೊಟ್ಟೆ ಯಾವ ಸ್ಥಿತಿಯಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಅವಳನ್ನು ಮಾತ್ರ ಆ ಮಾತು ಯಾರೂ ಕೇಳಿರಲಿಲ್ಲ. ಅವಳು ಮಜ್ಜಿಗೆಯನ್ನ ಮುಗಿಸುವ ಹೊತ್ತಿಗೆ ನಾನು ಎಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, "ಚಿಕ್ಕಿ, ಉಂಡ್ಯಾ?" ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ, ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವವಳಂತೆ, ತಲೆ ಬಗ್ಗಿಸಿ ತನ್ನ ಎಲೆಯನ್ನೊಮ್ಮೆ ನೋಡಿಕೊಂಡಳು.