ಪೊಟ್ಟಣದ ಮೇಲೆ ಪರೇಲ್ ಇರಲಿಲ್ಲ

ಆಹಾರ ಇಲಾಖೆಯ ಸಾಹೇಬರ ದನಿಯಲ್ಲಿ ಶೆಟ್ಟರ ಅಂಗಡಿಗೆ ಫೋನ್ ಮಾಡಿದ ಮೂರ್ಖ ನಾನೇ. ಮುಂಬಯಿಯ ದಹಿಸರ್‌ನಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೇ ಅವರ ಕಿರಾಣಿ ಅಂಗಡಿ. ಅಲ್ಲಿಂದ ತಂದ ಗ್ಲೂಕೋಸ್ ಬಿಸ್ಕತ್ತು ಚಹಾಕ್ಕೆ ಅದ್ದಿದ ಕೂಡಲೇ ಮುಳುಗಿತು. ಪೊಟ್ಟಣ ತಿರುಗಿಸಿದರೆ ಗುಜರಾತಿನ ವಿಳಾಸ. ನನ್ನ ಅಜ್ಜಿ ಇದೇ ಬಿಸ್ಕತ್ತನ್ನು ಇದೇ ಊರಿನ ಪರೇಲಿನ ಫ್ಯಾಕ್ಟರಿಯಲ್ಲಿ ಪ್ಯಾಕ್ ಮಾಡಿದವಳು. ಇದು ನಕಲಿ ಮಾಲೇ ಎಂದು ನನ್ನೊಳಗಿನ ಪತ್ತೇದಾರ ತೀರ್ಪು ಕೊಟ್ಟುಬಿಟ್ಟ.

ಮೆಟ್ಟಿಲ ಮರೆಯಲ್ಲಿ ನಿಂತು ಗಂಟಲು ದಪ್ಪ ಮಾಡಿ, "ನಕಲೀ ಬಿಸ್ಕುಟ್ ಬೇಚ್ತೇ ಹೋ? ದುಕಾನ್ ಸೀಲ್ ಕರ್ ದೂಂಗಾ" ಎಂದು, ನಕಲಿ ಮಾಲು ಮಾರುವ ಅಂಗಡಿಗೆ ಬೀಗ ಜಡಿಯುವ ಬೆದರಿಕೆ ಹಾಕಿದೆ. ಶೆಟ್ಟರು ಸಕ್ಕರೆ ತೂಗುತ್ತಿದ್ದರು, ಫೋನು ಸ್ಪೀಕರಿನಲ್ಲಿತ್ತು. ಕೇಳಿಸಿಕೊಂಡ ಇಬ್ಬರು ಹೆಂಗಸರು ಕೈಯಲ್ಲಿದ್ದ ಸಾಮಾನನ್ನೆಲ್ಲ ಅಲ್ಲೇ ಇಟ್ಟು ಹೊರಟೇಹೋದರು. ಶೆಟ್ಟರು ಫೋನ್ ಕಟ್ ಮಾಡಿ ಮತ್ತೆ ಸಕ್ಕರೆ ತೂಗತೊಡಗಿದರು. ಫೋನ್ ಕಟ್ ಮಾಡಿದರೆಂದರೆ ಕಳ್ಳರೇ ಎಂದುಕೊಂಡು, ಏನೂ ಅರಿಯದವನಂತೆ ಕೆಳಗಿಳಿದೆ.

ಅವರು ತಕ್ಕಡಿಯಿಂದ ಕಣ್ಣೆತ್ತದೆ ಹೇಳಿದರು: "ಗಣಪತಿ ಪೆಂಡಾಲಿನಲ್ಲಿ ನೀನು ಮಿಮಿಕ್ರಿ ಮಾಡಿದಾಗ ಇದೇ ಸ್ವರಕ್ಕೆ ಚಪ್ಪಾಳೆ ತಟ್ಟಿದವ ನಾನು ಮಾರಾಯ. ಪರೇಲಿನ ಫ್ಯಾಕ್ಟರಿ ಮುಚ್ಚಿ ಅಲ್ಲಿ ಫ್ಲ್ಯಾಟಿನ ಟವರ್ ಎದ್ದಿದೆ, ಮಾಲು ಈಗ ಗುಜರಾತಿನಿಂದ ಬರ್ತದೆ. ಇಷ್ಟನ್ನು ಹೋಗಿ ಆ ಹೆಂಗಸರಿಗೆ ಹೇಳಿ ಬಾ, ನಿನ್ನದೇ ಸ್ವರ ಅಂತ ಒಂದು ಇದ್ರೆ."