ಚನಿಯನ ತುಟಿಗೆ ಹೊಂದದ ದನಿ

ಯಜ್ಞೇಶನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ದೋಹಾದ ಬಿನ್ ಮಹಮೂದ್ ಬಡಾವಣೆಯ ಪುಟ್ಟ ಫ್ಲಾಟಿನಲ್ಲಿ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ಅಲೆಯುತ್ತಿದ್ದ.

"ಒಂದ್ಕಡೆ ಕೂತ್ಕೊಳ್ಳಿ ಮಾರಾಯ್ರೆ, ನಂಗೆ ತಲೆ ತಿರುಗ್ತದೆ," ಎಂದಳು ಹೆಂಡತಿ ಶರ್ಮಿಳಾ. "ದುಬೈಯವ್ರು ನಿಮ್ಮನ್ನಲ್ಲದೆ ಮತ್ಯಾರನ್ನ ಕರೀತಾರೆ? ಆ ಕರಡಿಯನ್ನಾ?"

ಕರಡಿ ಎಂದರೂ ಇವನೇ. ಮಂಗಳೂರಿನ ನಾಟಕಗಳಲ್ಲಿ ಹೆಣ್ಣುವೇಷದಿಂದ ಶುರುಮಾಡಿ ಖಳನಾಯಕನವರೆಗೆ ಬೆಳೆದವನು, ದೋಹಾಕ್ಕೆ ಬಂದು ಗೋದಾಮಿನಲ್ಲಿ ನಟ್ಟು ಬೋಲ್ಟು ಲೆಕ್ಕ ಬರೆಯುತ್ತಿದ್ದ. ವರ್ಷಕ್ಕೊಮ್ಮೆ ಸಂಘದ ತುಳು ನಾಟಕ. ಅಲ್ಲಿ ಇವನ ದನಿ ಕೇಳಿದ ಜೇಕಬ್ ಅಲ್ ಮನ್ಸೂರಾದ ಹೋಟೆಲೊಂದರ ಮಹಡಿಯಲ್ಲಿದ್ದ ತನ್ನ ಸ್ಟುಡಿಯೋಗೆ ಕರೆದೊಯ್ದ. ಅಂದಿನಿಂದ ಕಾರ್ಟೂನಿನ ಕರಡಿ, ಸಾಬೂನಿನ ಜಾಹೀರಾತಿನ ಮಾವ, ಹೆಲ್ಮೆಟ್ ಹಾಕಿಕೊಳ್ಳಿ ಎನ್ನುವ ಸುರಕ್ಷತಾ ಚಿತ್ರ ಎಲ್ಲಕ್ಕೂ ಕನ್ನಡ ದನಿ ಇವನದೇ. ಈಗ, ೨೦೦೭ರಲ್ಲಿ, ದುಬೈಯ ದೊಡ್ಡ ಸ್ಟುಡಿಯೋ ಕಾಯಂ ಕೆಲಸ ಕೊಡುವ ಮಾತಾಡಿತ್ತು. ಇನ್ನೊಂದೇ ಚಿತ್ರದ ಡಬ್ಬಿಂಗ್ ಕಳಿಸಿದರೆ ನಟ್ಟು ಬೋಲ್ಟು ಖಲಾಸ್, ಬಾಯಿಯಿಂದಲೇ ಬದುಕು.

ಶುಕ್ರವಾರ ಮಧ್ಯಾಹ್ನ ಸ್ಟುಡಿಯೋದ ಪರದೆಯ ಮೇಲೆ ಕಾಣಿಸಿದವನು ಚನಿಯ. ಕಟ್ಟಡ ಕಂಪನಿಯ ಕೂಲಿ, ಸಂಘದ ನಾಟಕಕ್ಕೆ ಪ್ರತಿವರ್ಷ ಸೆಟ್ಟು ಹೊರುವವನು. ಊರಿಂದ ಹೊಸ ಆಳುಗಳನ್ನು ಕರೆತರಲು ಕಂಪನಿ ಮಾಡಿಸಿದ ಚಿತ್ರ ಅದು.

"ಒರಿಜಿನಲ್ ಸೌಂಡ್ ಎಲ್ಲಿ?"

"ಸೌಂಡ್ ಮಾಫಿ, ಇಲ್ಲವೇ ಇಲ್ಲ, ಭಾಯ್. ಅವ್ರು ಕಳಿಸ್ಲಿಲ್ಲ. ಸ್ಕ್ರಿಪ್ಟ್ ಇದೆಯಲ್ಲ, ಯಲ್ಲಾ, ಶುರುಮಾಡು!" ಎಂದ ಜೇಕಬ್ ತನ್ನ ಹಿಂದಿಯಲ್ಲಿ.

'ಇಲ್ಲಿ ನಮಗೆ ಯಾವ ಕೊರತೆಯೂ ಇಲ್ಲ' ಎಂದಿತ್ತು ಅದರಲ್ಲಿ.

ಡಬ್ಬಿಂಗಿನವನಿಗೆ ತುಟಿಯೇ ತಾಳ. ಪರದೆಯವನ ತುಟಿ ಕೂಡುವ ಕಡೆ ಪ, ಬ, ಮ ಬರುವಂತೆ ಮಾತು ಹೊಂದಿಸಬೇಕು. ಅದಕ್ಕೇ ಯಜ್ಞೇಶ ಮೊದಲು ದನಿಯಿಲ್ಲದೆ ಬಾಯಾಡಿಸಿ ನೋಡುತ್ತಿದ್ದ. ಅಂದೂ ಹಾಗೇ ಆಡಿಸಿದ. ಬಾಯಿಗೆ ಬಂದದ್ದು ಮನೆಮಾತು ತುಳು: "ಪರ್ಪುನ ನೀರ್‌ಲಾ ಬೆಚ್ಚ." ಕುಡಿಯುವ ನೀರೂ ಬಿಸಿ ಎನ್ನುತ್ತಿದ್ದ ಚನಿಯ. ಮತ್ತೆ ಹಾಕಿಸಿ ನೋಡಿದ. ಅದೇ.

ಕೂಲಿಯವನ ಬೆವರು ಸಾಲದೆಂದು ಕಂಪನಿಗೆ ಅವನ ಬಾಯಿಯೂ ಬೇಕಾಗಿತ್ತು!

ಯಜ್ಞೇಶ ಸ್ಕ್ರಿಪ್ಟಿನ ಮಾತನ್ನು ತಿದ್ದಿ ತೀಡಿ ತುಟಿಗೆ ಕೂರಿಸಿದ. ಕೂದಲೆಳೆಯಷ್ಟೂ ಬಿರುಕಿಲ್ಲ. ಜೇಕಬ್ ಚಪ್ಪಾಳೆ ತಟ್ಟಿದ. ಇವನು "ಇನ್ನೊಂದು ಟೇಕ್" ಎಂದು ಚನಿಯ ಹೇಳಿದ್ದನ್ನೇ ಕನ್ನಡದಲ್ಲಿ ಹೇಳಿದ. ಕನ್ನಡ ಅರಿಯದ ಜೇಕಬ್, "ಇದು ಇನ್ನೂ ಸೂಪರ್!" ಎಂದ. ಆದರೆ ಈ ಟೇಕ್ ಹೊರಗೆ ಹೋದರೆ? ಚನಿಯನನ್ನು ಮಾರನೆಯ ದಿನವೇ ವಿಮಾನ ಹತ್ತಿಸುತ್ತಾರೆ.

"ಅಳಿಸಿಬಿಡು."

"ಯಾವ್ದು?"

"ಎರಡೂ. ನಾನು ಮಾಡುದಿಲ್ಲ."

"ದುಬೈ, ಭಾಯ್? ತಲೆ ಸರಿ ಇದೆಯಾ?"

ಯಜ್ಞೇಶ ಆಗಲೇ ಮೆಟ್ಟಿಲಿಳಿಯುತ್ತಿದ್ದ. ದುಬೈಯಿಂದ ಮತ್ತೆ ಫೋನು ಬರಲಿಲ್ಲ. ಬರುತ್ತದೇನೋ ಎಂಬ ಅಲೆದಾಟ ಮಾತ್ರ ಬಿಡಲಿಲ್ಲ.

ನಾಟಕದ ಸೆಟ್ಟಿನ ಮಾತಾಡಲು ಚನಿಯನಿದ್ದ ಕೂಲಿಗಳ ಕ್ಯಾಂಪಿಗೆ ಹೋದಾಗ ಮೆಸ್ಸಿನ ಟಿವಿಯಲ್ಲಿ ಅದೇ ಚಿತ್ರ ಓಡುತ್ತಿತ್ತು. ಬೇರೆ ಯಾರದೋ ದನಿ. ತುಟಿ ಮುಚ್ಚಿದಾಗ ಮಾತು, ತೆರೆದಾಗ ಮೌನ. ತುಳುವರೆಲ್ಲ ತಟ್ಟೆ ಬಿಟ್ಟು ಆ ತುಟಿ ಓದುತ್ತಿದ್ದರು. "ಬೆಚ್ಚ! ಬೆಚ್ಚ!" ಎಂದು ಯಾರೋ ಕೂಗಿದ್ದೇ ಮೆಸ್ಸಿಗೆ ಮೆಸ್ಸೇ ನಕ್ಕಿತು.

"ಯಜ್ಞೇಶಣ್ಣ, ಬನ್ನಿ ನೋಡಿ," ಚನಿಯ ಕಣ್ಣೊರೆಸಿಕೊಳ್ಳುತ್ತ ಕರೆದ. "ನನ್ನ ಬಾಯಿ ಒಂದು ಹೇಳ್ತದೆ, ಈ ದನಿ ಇನ್ನೊಂದೇ ಹೇಳ್ತದೆ! ನೀವಾಗಿದ್ರೆ ಗೊತ್ತೇ ಆಗ್ತಿರ್ಲಿಲ್ಲ."

ಯಜ್ಞೇಶ ಕೂರಲಿಲ್ಲ. ಬಾಗಿಲಲ್ಲೇ ನಿಂತ. ಅವನ ತುಟಿ ಟಿವಿಯ ಚನಿಯನ ತುಟಿಯೊಂದಿಗೆ ತಾನಾಗಿ ಕೂಡಿ ಬಿಡುತ್ತಿತ್ತು. ದನಿ ಮಾತ್ರ ಹೊರಡಲಿಲ್ಲ.