ಬುತ್ತಿ ಚೀಲದ ಗದರಿಕೆ

ನನ್ನ ಸೊಸೆ ಶೋಭಿತಾಳದು ಜೋರು ದನಿ. ಹೆಣ್ಣು ನೋಡಲು ಪಾಲಿಬೆಟ್ಟಕ್ಕೆ ಹೋದಾಗ ಅವಳು ಒಳಗೆ ನಾಯಿಯನ್ನು ಗದರಿದ್ದಕ್ಕೆ ಹೊರಗೆ ಕುಳಿತಿದ್ದ ನಮ್ಮ ಯಜಮಾನರು ಎದ್ದು ನಿಂತುಬಿಟ್ಟಿದ್ದರು. ಮುಂದೆ ಆ ದನಿ ಉಪಯೋಗಕ್ಕೆ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಕುಶಾಲನಗರದ ನಮ್ಮ ಮನೆಯ ಊಟದ ಮೇಜೇ ಅವಳ ಆಫೀಸು. ಬೇರೆ ಭಾಷೆಯಲ್ಲಿ ತಯಾರಾದ ಮೊಬೈಲ್ ಆಪ್‌ಗಳು ಕನ್ನಡಕ್ಕೆ ಬಂದ ಮೇಲೆ ನೆಟ್ಟಗಿವೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಾಳೆ. ತಪ್ಪು ಹುಡುಕುವುದಕ್ಕೂ ಕೆಲಸ ಕೊಡುತ್ತಾರೆಂದು ಗೊತ್ತಿದ್ದರೆ ನಾನೂ ಅರ್ಜಿ ಹಾಕುತ್ತಿದ್ದೆ. ಅತ್ತೆಯಾದ ನನಗೆ ಅನುಭವಕ್ಕೇನು ಕಡಿಮೆ?

ಹೋದ ಕಾಫಿ ಕೊಯ್ಲಿನ ಹೊತ್ತಿಗೆ ಒಂದು ಆನೆ ಆಪ್ ಬಂತು. ತೋಟದ ಕಾವಲುಗಾರ ಆನೆ ಕಂಡು ಗುಂಡಿ ಒತ್ತಿದರೆ, ಅಲ್ಲಿ ಕೆಲಸ ಮಾಡುವವರ ಫೋನುಗಳೆಲ್ಲ ಗಟ್ಟಿಯಾಗಿ ಕನ್ನಡದಲ್ಲಿ ಎಚ್ಚರಿಸುತ್ತವೆ. ನಮ್ಮ ಮೇಜಿನ ಮೇಲೆ ಅದರಲ್ಲಿ ಒಂದು ತಪ್ಪೂ ಸಿಗಲಿಲ್ಲ. ಆದರೂ ಶೋಭಿತಾಳಿಗೆ ಸಮಾಧಾನವಿಲ್ಲ. ಅವಳ ತಂದೆ ಲೆಕ್ಕ ಬರೆಯುವ ರೈಟರ್ ಆಗಿದ್ದ ತೋಟಕ್ಕೇ ಆ ಆಪ್ ಮೊದಲು ಹೋಗುವುದಿತ್ತು. ಅವಳನ್ನು ಎತ್ತಿ ಆಡಿಸಿದ ಚೋಮಿ ಇವತ್ತಿಗೂ ಅಲ್ಲಿ ಕಾಫಿ ಹಣ್ಣು ಪಿಕ್ಕಿಂಗ್ ಮಾಡುತ್ತಾಳೆ.

"ಅತ್ತೆ, ಅಲ್ಲಿ ಫೋನು ಮೇಜಿನ ಮೇಲಿರಲ್ಲ. ಬುತ್ತಿ ಚೀಲ್ದಲ್ಲಿ ಹಾಕಿ ಮರಕ್ಕೆ ನೇತು ಹಾಕಿರ್ತಾರೆ. ಅಲ್ಲೇ ಹೋಗಿ ನೋಡ್ಬೇಕು," ಎಂದಳು. ಮನೆಯಲ್ಲಿ ಕುಳಿತು ಮಾಡುವುದೇನೆಂದು ನಾನೂ ಹೊರಟೆ.

ತೋಟದ ಮೇಸ್ತ್ರಿ ಎಲ್ಲರ ಫೋನಿಗೂ ಆಪ್ ಹಾಕಿಟ್ಟಿದ್ದ. ಶೋಭಿತಾ ಪರೀಕ್ಷೆಗೆಂದು ಗುಂಡಿ ಒತ್ತಿದಳು. "ನಮಸ್ಕಾರ, ಆತ್ಮೀಯ ಬಳಕೆದಾರರೇ..." ಎಂದು ಮರಮರದ ಚೀಲಗಳಿಂದ ನಯವಾದ ದನಿ ಹೊರಟಿತು. ಯಾರೂ ತಲೆ ಎತ್ತಲಿಲ್ಲ. ಚೋಮಿ ಮಾತ್ರ ಗೊಣಗುತ್ತಾ ಬಂದು, ಫೋನಿನ ಬಾಯಿ ಮುಚ್ಚಿಸಿ, ಮತ್ತೆ ಗಿಡದ ಹತ್ತಿರ ಹೋದಳು.

"ಯಾಕೆ ಚೋಮಕ್ಕ, ಪೂರ್ತಿ ಕೇಳ್ಲಿಲ್ಲ?"

"ನಮಸ್ಕಾರ ಅನ್ನೋರೆಲ್ಲ ಸಿಮ್ ಮಾರೋರು, ಶೋಭಿ. ನಮ್ಮೋರು ಯಾರು ಫೋನಲ್ಲಿ ನಮಸ್ಕಾರ ಅಂತಾರೆ ಹೇಳು?"

ನಿಜವಾಗಿ ಆನೆ ಬಂದಿದ್ದರೆ ಚೋಮಿಯ ಗತಿ?

ಸೋಮವಾರ ಆಪ್ ಬಿಡುಗಡೆಯಾಗಬೇಕಿತ್ತು. ಶೋಭಿತಾ ಅಲ್ಲಿಂದಲೇ ತನ್ನ ಮೇಲಧಿಕಾರಿ ಕೀರ್ತಿಕುಮಾರ್‌ಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, "ಫೇಲ್ ಸರ್," ಎಂದಳು.

"ಭಾಷೇಲಿ ಏನೂ ತಪ್ಪಿಲ್ವಲ್ಲ? ನಮಸ್ಕಾರ ಮರ್ಯಾದೆಗೆ ಹಾಕಿರೋದು."

"ಆನೆ ಬಂದಾಗ ಮರ್ಯಾದೆ ಯಾರಿಗೆ ಬೇಕು ಸರ್? ಮೊದಲು ಆನೆ ಅಂತ ಕೂಗ್ಬೇಕು. ಇದನ್ನ ನಾನು ಪಾಸ್ ಮಾಡಲ್ಲ. ಕೆಲಸ ಹೋದ್ರೆ ಹೋಗ್ಲಿ!"

ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ಸುಮ್ಮನಿರೆಂದು ನಾನು ಕಣ್ಸನ್ನೆ ಮಾಡಿದೆ. ಅವಳು ಕೇಳುವ ಪೈಕಿಯೇ? ಆದರೆ ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನ್ನ ಸೊಸೆಯ ಬಗ್ಗೆ ನನಗೆ ತುಂಬ ಹೆಮ್ಮೆಯಾಯಿತು.

ಕೀರ್ತಿಕುಮಾರ್, "ಸರಿ, ಸೋಮವಾರದೊಳಗೆ ಹಾಗೆ ಕೂಗೋರನ್ನ ಎಲ್ಲಿಂದ ತರ್ಲಿ?" ಎಂದರು.

ನಾನು ಫೋನಿಗೆ ಬಾಯಿ ಹಾಕಿದೆ. "ಈಗ ನಿಮ್ಮ ಹತ್ರ ಮಾತಾಡಿದ್ಲಲ್ಲ ಸ್ವಾಮಿ, ಅವಳು ಸಾಲ್ದೇ?"

ಹಾಗೆ ಶೋಭಿತಾಳ ದನಿಯೇ ಆಪ್ ಸೇರಿತು. ಫೆಬ್ರವರಿಯ ಒಂದು ಮಧ್ಯಾಹ್ನ ಮೇಸ್ತ್ರಿಯ ಫೋನಿನಿಂದ ಚೋಮಿ ಕರೆ ಮಾಡಿದಳು. ಏದುಸಿರು ಬಿಡುತ್ತಿದ್ದಳು, ನಗುತ್ತಲೂ ಇದ್ದಳು.

"ಶೋಭಿ, ಮರದ ಮೇಲಿಂದ ನೀನು 'ಆನೆ ಬಂತು, ಗಿಡ ಬಿಟ್ಟು ರಸ್ತೆಗೆ ಬನ್ನಿ' ಅಂತ ಗದರಿದ್ಯಲ್ಲ, ನೀನೇ ಬಂದಿದ್ದೀಯ ಅಂತ ಓಡಿ ಬಂದೆ. ರಸ್ತೇಲಿ ನೋಡಿದ್ರೆ ನೀನಿಲ್ಲ. ತಿರುಗಿ ನೋಡಿದ್ರೆ ನಾನು ನಿಂತಿದ್ದ ಜಾಗದಲ್ಲೇ ಆನೆ! ಎಲ್ಲರೂ ಬಚಾವ್."

ಊರಿಗೆಲ್ಲ ಕೇಳುವಂತೆ ಮಾತಾಡುವ ನಮ್ಮ ಶೋಭಿತಾಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಕಣ್ಣೀರು ಮಾತ್ರ ಇಳಿಯುತ್ತಿತ್ತು. ನಾನೇ ಫೋನು ತೆಗೆದುಕೊಂಡು, ಏನು ಕೇಳಬೇಕೆಂದು ತೋಚದೆ, "ಊಟ ಆಯ್ತಾ ಚೋಮಿ?" ಎಂದೆ.

"ಎಲ್ಲಿಂದ ವಿಮಲಮ್ಮ? ಬುತ್ತಿ ಆನೆ ತಿಂತು!"